ಗೋಕರ್ಣದಲ್ಲಿ ಸಿಕ್ಕ ನಿದ್ದೆ

ಹಿರೇಗುತ್ತಿಯಿಂದ ಹೆದ್ದಾರಿ ಹಿಡಿದು ಮಾದನಗೇರಿಗೆ ಬಂದು ಕಡಲಿನ ಕಡೆ ತಿರುಗಿದರೆ ಗೋಕರ್ಣ. ರಾಮಾಯಣದ ಉತ್ತರಕಾಂಡದಲ್ಲಿ ರಾವಣ, ಕುಂಭಕರ್ಣ, ವಿಭೀಷಣ ಮೂವರೂ ತಪಸ್ಸಿಗೆ ಕೂತದ್ದು ಗೋಕರ್ಣದಲ್ಲೇ. ಬ್ರಹ್ಮ ವರ ಕೊಡುವ ಹೊತ್ತಿಗೆ ಸರಸ್ವತಿ ಕುಂಭಕರ್ಣನ ನಾಲಿಗೆಯ ಮೇಲೆ ಬಂದು ನಿಂತಳು, ಅವನ ಬಾಯಿಂದ ನಿದ್ದೆಯ ಮಾತು ಹೊರಟಿತು. ಆರು ತಿಂಗಳು ನಿದ್ದೆ, ಒಂದು ದಿನ ಎಚ್ಚರ. ಬಯಲಾಟ ನೋಡುತ್ತ ಬೆಳೆದ ನಮಗೆ ಇದು ಮೋಸಹೋದ ರಾಕ್ಷಸನ ಕಥೆ. ಆದರೆ ಪುರಾಣದ ಕುಲಗಳಲ್ಲಿ ಬಾಹ್ಯಾಕಾಶಕ್ಕೆ ಯಾರನ್ನು ಕಳಿಸಬೇಕು ಎಂದು ಲೆಕ್ಕ ಹಾಕುತ್ತ ಹೋದಂತೆ, ನನಗೆ ಆ ವರವೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತಿದೆ.

ಗರುಡನನ್ನೂ ಗಂಧರ್ವರನ್ನೂ ಮೊದಲೇ ಬಿಟ್ಟುಬಿಡಬಹುದು. ಗಾಳಿಯೇ ಇಲ್ಲದ ಕಡೆ ರೆಕ್ಕೆಗೆ ಕೆಲಸವಿಲ್ಲ. ಹಾರಿಸುವ ಕೆಲಸ ರಾಕೆಟ್ಟಿನದು. ಒಳಗೆ ಕೂತವನು ತಿಂಗಳುಗಟ್ಟಲೆ ಬದುಕಿ ಉಳಿಯಬೇಕು, ಅಷ್ಟೇ. ಮಾಣಿಕಟ್ಟಾದ ಗಜನಿ ಗದ್ದೆಗೆ ಯಾವ ಭತ್ತ ಎಂದು ಕೇಳಿದರೆ ರೈತರು ಹೆಚ್ಚು ಇಳುವರಿಯ ತಳಿಯನ್ನು ಹೇಳುವುದಿಲ್ಲ, ಉಪ್ಪುನೀರು ನುಗ್ಗಿದರೂ ನಿಲ್ಲುವ ಕಗ್ಗವನ್ನು ಹೇಳುತ್ತಾರೆ. ಇಲ್ಲಿಯೂ ನೋಡಬೇಕಾದದ್ದು ಅದನ್ನೇ.

ಮೊದಲ ತೊಡಕು ತೂಕ. ಗೆಲಿಲಿಯೋ 1638ರ ತನ್ನ ಪುಸ್ತಕದಲ್ಲಿ ತೋರಿಸಿದ ಲೆಕ್ಕ ಇದು: ಆಕಾರ ಬದಲಾಗದೆ ಎತ್ತರ ಹತ್ತು ಪಟ್ಟಾದರೆ ಮೂಳೆಯ ಅಡ್ಡಕೊಯ್ತದ ವಿಸ್ತೀರ್ಣ ನೂರು ಪಟ್ಟು, ತೂಕ ಸಾವಿರ ಪಟ್ಟು. ಮನುಷ್ಯನ ಹತ್ತು ಪಟ್ಟು ಎತ್ತರದ ಕುಂಭಕರ್ಣ 60 ಕಿಲೋ ಅಲ್ಲ, 60 ಟನ್ ತೂಗುತ್ತಾನೆ. ನೆಲದ ಮೇಲೆ ಎದ್ದು ನಿಂತರೆ ಅವನ ತೊಡೆಮೂಳೆ ಮುರಿಯುತ್ತದೆ. ಕಕ್ಷೆಗೆ ಹೋದ ಮೇಲೆ ಆ ಭಾರವಿಲ್ಲ, ಸುಖವಾಗಿ ತೇಲುತ್ತಾನೆ. ಆದರೆ ಒಯ್ಯುವುದು ಹೇಗೆ? ಇಸ್ರೋದ ಎಲ್‌ವಿಎಂ3 ಭೂಮಿಯ ಕೆಳಕಕ್ಷೆಗೆ ಒಯ್ಯುವುದು ಸುಮಾರು 8 ಟನ್. ಅವನೊಬ್ಬನಿಗೇ ಎಂಟು ರಾಕೆಟ್ ಬೇಕು.

ಹಾಗಾದರೆ ವಾಲಖಿಲ್ಯರು? ಹೆಬ್ಬೆರಳುದ್ದದ ಈ ಋಷಿಗಳು ಸೂರ್ಯನ ರಥದ ಜೊತೆ ಸಾಗುವವರು, ಕಿರಣ ಕುಡಿದು ಬದುಕುವವರು; ನಮ್ಮ ಪುರಾಣಗಳಲ್ಲಿ ಗಗನಯಾತ್ರಿಗಳು ಅಂತ ಇದ್ದರೆ ಇವರೇ. ಮನುಷ್ಯನ ಮೂವತ್ತರಲ್ಲಿ ಒಂದು ಪಾಲು ಎತ್ತರ ಅಂದರೆ ತೂಕ ಇಪ್ಪತ್ತೇಳು ಸಾವಿರದಲ್ಲಿ ಒಂದು ಪಾಲು, ಬರೀ ಎರಡು ಗ್ರಾಂ ಚಿಲ್ಲರೆ. ಅರವತ್ತು ಸಾವಿರ ಮಂದಿ ಸೇರಿದರೂ ಇಬ್ಬರು ಮೂವರು ಮನುಷ್ಯರ ತೂಕ! ಆದರೆ ಸಣ್ಣ ಮೈಗೆ ಬೇರೆ ಕಷ್ಟವಿದೆ. ತೂಕಕ್ಕೆ ಹೋಲಿಸಿದರೆ ಚರ್ಮ ಹೆಚ್ಚು, ಬಿಸಿ ಬೇಗ ಸೋರುತ್ತದೆ. ಅಷ್ಟೇ ತೂಕದ ಎಟ್ರಸ್ಕನ್ ಸುಂಡಿಲಿ ದಿನವೂ ತನ್ನ ತೂಕಕ್ಕಿಂತ ಹೆಚ್ಚು ತಿನ್ನಬೇಕು. ಅದರ ಹೃದಯ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸಲ ಬಡಿಯುತ್ತದೆ. ಒಂದೂಕಾಲು ಕಿಲೋ ದಾಟುವ ಮನುಷ್ಯನ ಮಿದುಳು ಆ ಎರಡು ಗ್ರಾಂ ಮೈಯಲ್ಲಿ ಹಿಡಿಸುವುದೂ ಇಲ್ಲ. ಕಿರಣ ಕುಡಿಯುವ ವಿದ್ಯೆ ಗೊತ್ತಿಲ್ಲದಿದ್ದರೆ ವಾಲಖಿಲ್ಯರು ಹಸಿವಿನಿಂದಲೇ ಹೋಗುತ್ತಾರೆ.

ಈಗ ನಿದ್ದೆಗೆ ಬರೋಣ. ಮಂಗಳಕ್ಕೆ ಹೋಗಲು ಆರರಿಂದ ಒಂಬತ್ತು ತಿಂಗಳು ಬೇಕು, ಹೆಚ್ಚುಕಡಿಮೆ ಕುಂಭಕರ್ಣನ ಒಂದು ನಿದ್ದೆ. ಅಷ್ಟು ಕಾಲ ಎಚ್ಚರವಿರುವವನಿಗೆ ದಿನಕ್ಕೆ ಸುಮಾರು 1.8 ಕಿಲೋ ಆಹಾರ, ಜೊತೆಗೆ ನೀರು, ಆಮ್ಲಜನಕ, ಓಡಾಡಲು ಜಾಗ. ಇಷ್ಟೆಲ್ಲ ಕೊಟ್ಟರೂ ತೂಕವಿಲ್ಲದ ಸ್ಥಿತಿಯಲ್ಲಿ ಸೊಂಟದ ಮೂಳೆ ತಿಂಗಳಿಗೆ ಶೇಕಡಾ ಒಂದರಿಂದ ಒಂದೂವರೆಯಷ್ಟು ಸವೆಯುತ್ತದೆ. ಅದಕ್ಕೇ ಬಾಹ್ಯಾಕಾಶ ನಿಲ್ದಾಣದಲ್ಲಿರುವವರು ದಿನಕ್ಕೆ ಎರಡು ತಾಸು ವ್ಯಾಯಾಮ ಮಾಡುತ್ತಾರೆ.

ಅಲಾಸ್ಕಾದ ಕಪ್ಪು ಕರಡಿಯನ್ನು ನೋಡಿ. ಐದರಿಂದ ಏಳು ತಿಂಗಳು ಗವಿಯಲ್ಲಿ ಮಲಗುತ್ತದೆ. ತಿನ್ನುವುದಿಲ್ಲ, ಕುಡಿಯುವುದಿಲ್ಲ, ಮೂತ್ರ ಮಾಡುವುದಿಲ್ಲ. ಮೈಬಿಸಿ ಕೆಲವೇ ಡಿಗ್ರಿ ಇಳಿದರೂ ಮೈಯ ಖರ್ಚು ಮಾತ್ರ ಕಾಲುಭಾಗಕ್ಕೆ ಬರುತ್ತದೆ ಎಂದು 2011ರ ಅಧ್ಯಯನ ತೋರಿಸಿತು. ಮೂತ್ರವಾಗಿ ಹೋಗಬೇಕಿದ್ದ ಯೂರಿಯಾದ ಸಾರಜನಕವನ್ನೇ ಮತ್ತೆ ಸ್ನಾಯು ಉಳಿಸಿಕೊಳ್ಳಲು ಬಳಸುತ್ತದೆ. ವಸಂತದಲ್ಲಿ ಎದ್ದು ನಡೆಯುವಾಗ ಅದರ ಮೂಳೆ ಗಟ್ಟಿಯಾಗಿಯೇ ಇರುತ್ತದೆ. ನಮ್ಮಲ್ಲಿ ಯಾರಾದರೂ ಆರು ತಿಂಗಳು ಹಾಸಿಗೆ ಹಿಡಿದರೆ ಎದ್ದು ನಿಲ್ಲಲು ಎಷ್ಟು ಪಾಡುಪಡಬೇಕು ಎಂಬುದನ್ನು ನೆನೆಸಿಕೊಂಡರೆ ಇದರ ಬೆಲೆ ತಿಳಿಯುತ್ತದೆ. ಒಂದೇ ವ್ಯತ್ಯಾಸ: ಕುಂಭಕರ್ಣ ಎದ್ದ ಮೇಲೆ ರಾಶಿ ರಾಶಿ ಉಣ್ಣುತ್ತಾನೆ, ಕರಡಿ ಮಲಗುವ ಮೊದಲು.

ಯಾತ್ರಿಕರು ಹೀಗೆ ಮಲಗಿದರೆ ನೌಕೆಯ ತೂಕ ಮೂರನೇ ಒಂದು ಪಾಲು ಇಳಿಯಬಹುದು ಎಂದು ಯುರೋಪಿನ ಬಾಹ್ಯಾಕಾಶ ಸಂಸ್ಥೆ ಲೆಕ್ಕ ಹಾಕಿದೆ. 2023ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿ, ಹೆಗ್ಗಣಗಳ ಮಿದುಳಿನ ಒಂದು ಭಾಗಕ್ಕೆ ಶ್ರವಣಾತೀತ ಧ್ವನಿ ತಾಗಿಸಿ ಮೈಬಿಸಿ ಇಳಿಯುವಂತೆ ಮಾಡಿದರು. ನಮ್ಮಂತೆಯೇ ಹೆಗ್ಗಣವೂ ಹುಟ್ಟಿನಿಂದ ಇಂಥ ನಿದ್ದೆ ಬಲ್ಲ ಪ್ರಾಣಿಯಲ್ಲ. ಭರವಸೆ ಇರುವುದು ಅಲ್ಲೇ.

ಇನ್ನುಳಿದದ್ದು ವಿಕಿರಣ. ಅದಕ್ಕೆ ಪಾತಾಳದ ನಾಗರು ಸರಿ. ಚಂದ್ರನಲ್ಲಿ, ಮಂಗಳದಲ್ಲಿ ಮಣ್ಣಿನಡಿಯ ಬಿಲವೇ ಒಳ್ಳೆಯ ಮನೆ. ಮೈಯಲ್ಲೇ ಕವಚವಿರುವ ಜೀವಿಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಪಾಚಿಯಲ್ಲಿ ಸಿಕ್ಕ ನೀರುಕರಡಿಯೊಂದು ಮಾರಕ ಅತಿನೇರಳೆ ಕಿರಣವನ್ನು ಹೀರಿಕೊಂಡು ನೀಲಿ ಬೆಳಕಾಗಿ ಹೊರಬಿಡುತ್ತದೆ ಎಂದು 2020ರಲ್ಲಿ ಗೊತ್ತಾಯಿತು. ಮಿಲಿಮೀಟರಿಗಿಂತ ಚಿಕ್ಕದಾದ ಈ ಪ್ರಾಣಿ ನೀರಿಲ್ಲದಾಗ ಮುದುಡಿ ಮಲಗುತ್ತದೆ, ಹನಿ ಬಿದ್ದರೆ ಏಳುತ್ತದೆ. 2025ರಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋದಾಗ ಇಸ್ರೋ ಪ್ರಯೋಗಗಳಲ್ಲಿ ನೀರುಕರಡಿಗಳೂ ಇದ್ದವು.

ಸದ್ಯ ಆಸ್ಪತ್ರೆಯಲ್ಲಿ ವೈದ್ಯರು ಮನುಷ್ಯನ ಮೈಬಿಸಿಯನ್ನು 33 ಡಿಗ್ರಿಯ ಆಸುಪಾಸಿಗೆ ಇಳಿಸಿ ಇಡುವುದು ಕೆಲವು ದಿನ ಮಾತ್ರ. ಅಲ್ಲಿಂದ ಆರು ತಿಂಗಳಿಗೆ ಬಹಳ ದೂರವಿದೆ. ಮುಂದಿನ ಸಲ ಗದ್ದೆಬಯಲಿನ ಆಟದಲ್ಲಿ ಕುಂಭಕರ್ಣನನ್ನು ಎಬ್ಬಿಸುವ ಸನ್ನಿವೇಶ ಬಂದಾಗ ಪಕ್ಕದಲ್ಲಿ ತೂಕಡಿಸುವ ಮಕ್ಕಳನ್ನು ಎಬ್ಬಿಸಿ, ಅಲಾಸ್ಕಾದ ಕರಡಿಯ ಕಥೆಯನ್ನೂ ಹೇಳಿ.