ಇಂಟೆಲ್–ಎಎಂಡಿ: ಜಗಳವೂ ಉಂಟು, ಕರಾರೂ ಉಂಟು
ಇಂಟೆಲ್, ಎಎಂಡಿ ಬದ್ಧವೈರಿಗಳು ಅಂತ ನಾನೂ ನಂಬಿದ್ದೆ. ಆದರೆ ಒಂದೇ ಕಂಪನಿಯ ಚಿಪ್ ನೆಚ್ಚಿಕೊಂಡು ಪಿಸಿ ಮಾಡಲ್ಲ ಎಂದು ಐಬಿಎಂ ಪಟ್ಟು ಹಿಡಿದಿದ್ದರಿಂದ, 1982ರಲ್ಲಿ ಖುದ್ದು ಇಂಟೆಲ್ಲೇ ತನ್ನ ಎಕ್ಸ್86 ವಿನ್ಯಾಸ ಹಂಚಿಕೊಳ್ಳಲು ಎಎಂಡಿ ಜೊತೆ ಕರಾರು ಮಾಡಿಕೊಂಡಿತ್ತು. 386 ಚಿಪ್ ಬಂದಾಗ ಮಾತ್ರ ‘ಕೊಡಲ್ಲ’ ಅಂದಿತು. ಆ ವ್ಯಾಜ್ಯ ಮುಗಿದದ್ದು 1995ರಲ್ಲಿ. ಆಮೇಲೆ ತಮಾಷೆ ನೋಡಿ: 2003ರಲ್ಲಿ ಎಎಂಡಿ ಮಾರುಕಟ್ಟೆಗೆ ತಂದ 64-ಬಿಟ್ ವಿಸ್ತರಣೆಯನ್ನು ಇಂಟೆಲ್ಲೇ ಅಳವಡಿಸಿಕೊಳ್ಳಬೇಕಾಯಿತು. ಈಗ ಇಬ್ಬರಿಗೂ ಪರಸ್ಪರರ ಪೇಟೆಂಟ್ ಬೇಕು.

ಹೊರಗಿನವರಿಗೆ? ಗ್ರಾಫಿಕ್ಸ್ ದೈತ್ಯ ಎನ್‌ವಿಡಿಯಾ ಜೊತೆಗಿನ ವ್ಯಾಜ್ಯ ಮುಗಿಸಲು 2011ರಲ್ಲಿ ಇಂಟೆಲ್ 150 ಕೋಟಿ ಡಾಲರ್ ಕೊಡಲು ಒಪ್ಪಿತು, ಎಕ್ಸ್86 ಲೈಸೆನ್ಸ್ ಕೊಡಲಿಲ್ಲ. ಇದನ್ನ ಮುಕ್ತ ಸ್ಪರ್ಧೆ ಅನ್ನೋಕೆ ನನಗೆ ಮನಸ್ಸು ಬರಲ್ಲ. 2020ರಲ್ಲಿ ಮ್ಯಾಕ್‌ಗೆ ಸ್ವಂತ ಚಿಪ್ ಹಾಕಲು ಹೊರಟ ಆಪಲ್ ಕೂಡ ಎಕ್ಸ್86 ಬಿಟ್ಟು ಆರ್ಮ್ ಕಡೆ ಹೋಯಿತು. ಅದಕ್ಕೂ ಲೈಸೆನ್ಸ್ ಬೇಕು, ಆದರೆ ಅಲ್ಲಿ ಅದು ಮಾರಾಟಕ್ಕಿದೆ.