ಶಾಸನಗಳ ಜಾಲತಾಣಕ್ಕೆ ಯಾವ ಸಿ.ಎಂ.ಎಸ್. ಒಳ್ಳೆಯದು?

ಹರಿಹರಪುರದ ಸುತ್ತಮುತ್ತ ತೋಟ, ಗದ್ದೆ ಅಂಚುಗಳಲ್ಲಿ ಸಿಕ್ಕ ವೀರಗಲ್ಲು, ಮಾಸ್ತಿಕಲ್ಲುಗಳ ವಿವರಗಳನ್ನು ಕೆಲವು ವರ್ಷಗಳಿಂದ ಒಂದು ಉಚಿತ ಜಾಲತಾಣದಲ್ಲಿ ಬರೆದಿಡುತ್ತಿದ್ದೆ. ಒಂದು ದಿನ ಜಾಗ ಕೊಟ್ಟಿದ್ದ ಕಂಪನಿ ಸೇವೆ ನಿಲ್ಲಿಸಿತು. ಫೋಟೋಗಳು ನನ್ನ ಬಳಿ ಇದ್ದವು. ಆದರೆ ಓದಿದ ಪಾಠವನ್ನು ನೇರ ತಾಣದಲ್ಲೇ ಟೈಪ್ ಮಾಡಿದ್ದೆ, ಅದೆಲ್ಲ ಹೋಯಿತು. ಮತ್ತೆ ಓದಿದರಾಯಿತು ಅಂದುಕೊಂಡೆ. ಒಂದು ಕಲ್ಲಿನ ವಿಷಯದಲ್ಲಿ ಅದೂ ಆಗಲಿಲ್ಲ. ಅಷ್ಟರಲ್ಲಿ ಯಾರೋ ನಿಧಿಯ ಆಸೆಗೆ ಬುಡ ಅಗೆದು ಕಲ್ಲನ್ನು ಒಡೆದಿದ್ದರು. ಫೋಟೋ ಮಧ್ಯಾಹ್ನದ ಬಿಸಿಲಿನದು. ಸಂಜೆ ಟಾರ್ಚನ್ನು ಓರೆಯಾಗಿ ಹಿಡಿದು ಓದಿದ್ದ ಎರಡು ಸಾಲು ಅದರಲ್ಲಿ ಕಾಣುವುದಿಲ್ಲ.

ಬಿ.ಎಲ್. ರೈಸ್ 1901ರಲ್ಲಿ ಅಚ್ಚು ಹಾಕಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಆರನೇ ಸಂಪುಟದಲ್ಲಿ, ಅಂದರೆ ಅಂದಿನ ಕಡೂರು ಜಿಲ್ಲೆಯ ಸಂಪುಟದಲ್ಲಿ, ಕೊಪ್ಪ ಮತ್ತು ಶೃಂಗೇರಿಯ ಶಾಸನಗಳನ್ನು ಇವತ್ತಿಗೂ ಓದಬಹುದು. ನನ್ನ ಕೆಲಸ ಹತ್ತು ವರ್ಷವೂ ಬಾಳಲಿಲ್ಲ. ಹೊಸ ತಾಣಕ್ಕೆ ಸಿ.ಎಂ.ಎಸ್. ಆರಿಸುವಾಗ ಈ ನಾಚಿಕೆ ನನ್ನ ಜೊತೆಗೇ ಇತ್ತು.

ಸಿ.ಎಂ.ಎಸ್. ಅಂದರೆ ಕೋಡ್ ಬರೆಯದೆ ಬರಹ, ಚಿತ್ರಗಳನ್ನು ಸೇರಿಸಿ, ತಿದ್ದಿ, ಪ್ರಕಟಿಸಲು ನೆರವಾಗುವ ತಂತ್ರಾಂಶ. ‘ಯಾವುದು ಚೆನ್ನಾಗಿದೆ?’ ಅಂತ ಕೇಳುವ ಮೊದಲು ‘ಒಂದು ಶಾಸನದ ದಾಖಲೆಗೆ ಏನೇನು ಬೇಕು?’ ಅಂತ ಕೇಳಿಕೊಳ್ಳಬೇಕು. ನನ್ನ ಪಟ್ಟಿ ಹೀಗಿತ್ತು.

ಮೊದಲನೆಯದು, ಕಾಲ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿ.ಶ. ಸಿಗುತ್ತದೆ ಅನ್ನುತ್ತೇವೆ. ವರ್ಷದ ಕೊನೆಯ ತಿಂಗಳುಗಳಲ್ಲಿ ಅದು 79 ಆಗುತ್ತದೆ. ಹೇಳಿರುವ ಶಕವರ್ಷ ಗತವೋ ವರ್ತಮಾನವೋ ಎಂಬ ಪ್ರಶ್ನೆ ಬೇರೆ. ಆದ್ದರಿಂದ ಶಾಸನೋಕ್ತ ಕಾಲಕ್ಕೆ ಒಂದು ಅಂಕಣ, ನಾವು ಲೆಕ್ಕ ಹಾಕಿದ ಕ್ರಿ.ಶ.ಕ್ಕೆ ಇನ್ನೊಂದು ಅಂಕಣ ಬೇಕೇ ಬೇಕು.

ಎರಡನೆಯದು, ಲಿಪಿ. ಹಳಗನ್ನಡದ ಱ, ೞ ಎರಡೂ ಯೂನಿಕೋಡ್‌ನಲ್ಲಿವೆ. ಆದರೆ ‘ಏಳು’ ಅಂತ ಹುಡುಕಿದರೆ ‘ಏೞು’ ಸಿಗುವುದಿಲ್ಲ, ‘ಆರು’ ಅಂದರೆ ‘ಆಱು’ ಸಿಗುವುದಿಲ್ಲ. ಹಾಗಾಗಿ ಮೂಲಪಾಠದ ಜೊತೆಗೆ ಇಂದಿನ ಅಕ್ಷರಗಳಲ್ಲಿ ಬರೆದ ಇನ್ನೊಂದು ಪಾಠವನ್ನೂ ಇಡಬೇಕು. ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಪರಿವರ್ತಿಸಿಯೇ ಸೇರಿಸಬೇಕು.

ಮೂರನೆಯದು, ಜಾಗ. ಸಂಶೋಧಕರಿಗೆ ನಿಖರವಾದ ಅಕ್ಷಾಂಶ-ರೇಖಾಂಶ ಬೇಕು. ಅದನ್ನೇ ಎಲ್ಲರಿಗೂ ತೋರಿಸಿದರೆ ನಿಧಿ ಅಗೆಯುವವರಿಗೆ ನಾವೇ ದಾರಿ ಹೇಳಿಕೊಟ್ಟಂತೆ.

ಈಗ ಆಯ್ಕೆಗೆ ಬರೋಣ. 2003ರಲ್ಲಿ ಬಂದ ವರ್ಡ್‌ಪ್ರೆಸ್ ಕಲಿಯಲು ಸುಲಭ, ಲೇಖನಗಳಿಗೆ ಬಹಳ ಚೆನ್ನ. ಆದರೆ ಹೀಗೆ ಹತ್ತಾರು ಅಂಕಣಗಳಿದ್ದರೆ ಸಾಮಾನ್ಯವಾಗಿ ಪ್ಲಗಿನ್‌ಗಳ ಮೊರೆ ಹೋಗಬೇಕು. ಪ್ಲಗಿನ್ ಮಾಡಿದವರು ಅದನ್ನು ಕೈಬಿಟ್ಟರೆ ನಮ್ಮ ಪಾಡು ಕಷ್ಟ. ದ್ರುಪಾಲ್‌ನಲ್ಲಿ ಅಂಕಣಗಳು ಮೂಲದಲ್ಲೇ ಇವೆ, ಆದರೆ ಅದನ್ನು ನೋಡಿಕೊಳ್ಳಲು ತಿಳಿದವರೇ ಬೇಕು. ಎಂಜಿನಿಯರ್ ಆದ ನನಗೆ ಹ್ಯೂಗೋ ಇಷ್ಟವಾಯಿತು. ಎಲ್ಲವೂ ಸರಳ ಪಠ್ಯ ಕಡತಗಳು, ಡೇಟಾಬೇಸ್ ಇಲ್ಲ, ನಮ್ಮ ಮಲೆನಾಡಿನ ಮಳೆಗಾಲದ ನೆಟ್‌ವರ್ಕ್‌ನಲ್ಲೂ ಪುಟ ಬೇಗ ತೆರೆಯುತ್ತದೆ. ಆದರೆ ನನ್ನ ಜೊತೆ ಕ್ಷೇತ್ರಕಾರ್ಯಕ್ಕೆ ಬರುವ ನಿವೃತ್ತ ಮೇಷ್ಟ್ರು ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ನೋಡಿ, “ಇದು ನಿಮ್ಮೊಬ್ಬರ ತಾಣ ಆಗುತ್ತೆ, ನೋಡಿ” ಅಂದರು. ಅವರ ಮಾತು ಸರಿ. ನಾನಿಲ್ಲದಾಗ ತಿದ್ದಲು ಬರದ ತಾಣ ನನ್ನ ಹಳೆಯದರಷ್ಟೇ ಅಪಾಯಕಾರಿ.

ಕೊನೆಗೆ ಒಮೆಕಾ ಎಸ್ ಆರಿಸಿದೆವು. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಕೇಂದ್ರದಲ್ಲಿ ಹುಟ್ಟಿದ ಒಮೆಕಾ, ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯಗಳಿಗೆಂದೇ ಮಾಡಿದ ಮುಕ್ತ ತಂತ್ರಾಂಶ. ಅದರ ‘ಎಸ್’ ಆವೃತ್ತಿ ಬಂದದ್ದು 2017ರಲ್ಲಿ. ಅಂಕಣಗಳ ನಮೂನೆಯನ್ನು ಒಮ್ಮೆ ಸಿದ್ಧ ಮಾಡಿಟ್ಟರೆ ಮೇಷ್ಟ್ರು ಫಾರಂ ತುಂಬಿದ ಹಾಗೆ ತುಂಬುತ್ತಾರೆ. ನಿರ್ಧಾರಕ್ಕೆ ಮುಖ್ಯ ಕಾರಣ ಇನ್ನೊಂದು: ಇದರಲ್ಲಿ ಒಂದೇ ದಾಖಲೆಯೊಳಗೆ ಒಂದು ವಿವರವನ್ನು ಮಾತ್ರ ಖಾಸಗಿಯಾಗಿ ಇಡಬಹುದು. ಊರಿನ ಹೆಸರು ಎಲ್ಲರಿಗೂ ಕಾಣುತ್ತದೆ, ಅಕ್ಷಾಂಶ-ರೇಖಾಂಶ ಲಾಗಿನ್ ಆದ ನಮಗಷ್ಟೇ. ಮೊಬೈಲ್ ಫೋಟೋದೊಳಗೂ ಜಾಗದ ಮಾಹಿತಿ ಅಡಗಿರುತ್ತದೆ. ಅದನ್ನು ಅಳಿಸಿಯೇ ಏರಿಸಬೇಕು, ಮರೆಯಬೇಡಿ.

ಇದಕ್ಕೂ ಕೊರತೆ ಇದೆ. ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಇರುವ ಸರ್ವರ್ ಬೇಕು, ಆಗಾಗ ಅಪ್‌ಡೇಟ್ ಮಾಡುತ್ತಿರಬೇಕು. ಅದಕ್ಕೇ ಈ ಸಲ ತಾಣವನ್ನು ಮೂಲ ಅಂತ ನಂಬಿಲ್ಲ. ಪ್ರತಿ ಶಾಸನವೂ ಮೊದಲು ಒಂದು ಸಿಎಸ್‌ವಿ ಪಟ್ಟಿಗೆ ಹೋಗುತ್ತದೆ, ಅಲ್ಲಿಂದ ತಾಣಕ್ಕೆ. ಪಟ್ಟಿಯ ಪ್ರತಿ ನನ್ನ ಬಳಿ ಒಂದು, ಮೇಷ್ಟ್ರ ಮನೆಯಲ್ಲಿ ಒಂದು, ಊರಾಚೆಯ ಸ್ನೇಹಿತರ ಬಳಿ ಒಂದು. ನಾಳೆ ಒಮೆಕಾ ಬಿಟ್ಟು ಬೇರೆಯದಕ್ಕೆ ಹೋದರೂ ಒಂದಕ್ಷರ ಕಳೆಯಬಾರದು. ನೀವು ಯಾವ ಸಿ.ಎಂ.ಎಸ್. ಆರಿಸಿದರೂ ಪರವಾಗಿಲ್ಲ, ಮೊದಲ ದಿನವೇ ‘ಇದರಿಂದ ನನ್ನ ಮಾಹಿತಿ ಹೊರಗೆ ತೆಗೆಯುವುದು ಹೇಗೆ?’ ಅಂತ ಪರೀಕ್ಷೆ ಮಾಡಿ ನೋಡಿ.

ಹೊಸ ತಾಣದಲ್ಲಿ ಮೊದಲು ಸೇರಿಸಿದ್ದು ಆ ಒಡೆದ ವೀರಗಲ್ಲನ್ನೇ. ಮೂರು, ನಾಲ್ಕನೇ ಸಾಲಿನ ಎದುರು ‘ತ್ರುಟಿತ’ ಅಂತ ಬರೆದೆವು.