ಚಪ್ಪಟೆ ಪೆಟ್ಟಿಗೆಯಲ್ಲಿ ಬರುವ ಕಪಾಟು

ಫ್ಲ್ಯಾಟ್‌ಪ್ಯಾಕ್ ಎಂದರೆ ಬಿಡಿ ಹಲಗೆಗಳಾಗಿ, ಚಪ್ಪಟೆ ರಟ್ಟಿನ ಪೆಟ್ಟಿಗೆಯೊಂದರಲ್ಲಿ ಮನೆಗೆ ಬರುವ ಪೀಠೋಪಕರಣ. ಪುಸ್ತಕದ ಕಪಾಟಾಗಲಿ, ಮಂಚವಾಗಲಿ, ಬಟ್ಟೆಯ ವಾರ್ಡ್‌ರೋಬ್ ಆಗಲಿ, ಅದಕ್ಕೆ ರೂಪ ಬರುವುದು ಕೊಂಡವರ ಮನೆಯ ನೆಲದ ಮೇಲೆ. ಹಲಗೆಗಳ ಜೊತೆಗೆ ಪ್ಲಾಸ್ಟಿಕ್ ಚೀಲದ ತುಂಬ ಸ್ಕ್ರೂ, ಗೂಟ, ಬಿಲ್ಲೆಗಳು, ಸ್ಕ್ರೂ ತಿರುಗಿಸುವ ಒಂದು ಅಲೆನ್ ಕೀ, ಒಂದು ಚಿತ್ರಗಳ ಕೈಪಿಡಿ ಇರುತ್ತವೆ. ಇದರ ಹಿಂದಿನ ಲೆಕ್ಕ ಸರಳವಾದದ್ದು. ಸಿದ್ಧ ಕಪಾಟಿನೊಳಗೆ ಇರುವುದು ಬಹುಪಾಲು ಗಾಳಿ. ಅದನ್ನು ಲಾರಿಯಲ್ಲಿ ಸಾಗಿಸುವುದೆಂದರೆ ಗಾಳಿಗೆ ಬಾಡಿಗೆ ಕೊಟ್ಟಂತೆ.

ಈ ಲೆಕ್ಕ 19ನೇ ಶತಮಾನದಲ್ಲೇ ವಿಯೆನ್ನಾದ ಮೈಕೆಲ್ ಥೋನೆಟ್ ಅವರಿಗೆ ಹೊಳೆದಿತ್ತು. ಬೀಚ್ ಮರವನ್ನು ಹಬೆಯಲ್ಲಿ ಬೇಯಿಸಿ ಬಾಗಿಸುತ್ತಿದ್ದ ಅವರ ಕಾರ್ಖಾನೆಯಿಂದ 1859ರಲ್ಲಿ ಹೊರಬಂದ 14ನೇ ಸಂಖ್ಯೆಯ ಕುರ್ಚಿಗೆ ಇದ್ದದ್ದು 6 ಮರದ ತುಂಡು, 10 ಸ್ಕ್ರೂ, 2 ನಟ್ ಮಾತ್ರ. ಬಿಚ್ಚಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಇಂಥ 36 ಕುರ್ಚಿಗಳು ಹಿಡಿಯುತ್ತಿದ್ದವು. ಸುಮಾರು ನೂರು ವರ್ಷಗಳ ನಂತರ ಸ್ವೀಡನ್ನಿನ ಐಕಿಯಾ ಕಂಪನಿಯ ನೌಕರ ಗಿಲ್ಲಿಸ್ ಲುಂಡ್‌ಗ್ರೆನ್ ಒಂದು ಮೇಜನ್ನು ಕಾರಿಗೆ ತುಂಬಲು ಹೊರಟರು. ಅದು ಹಿಡಿಸದಾದಾಗ ಕಾಲುಗಳನ್ನು ಬಿಚ್ಚಿ ಇಟ್ಟರು. 1950ರ ದಶಕದ ಈ ಸಣ್ಣ ಉಪಾಯವೇ ಕಂಪನಿಯ ವ್ಯಾಪಾರದ ಬೆನ್ನೆಲುಬಾಯಿತು. ಸಾಗಣೆಯ ಖರ್ಚು ಇಳಿಯಿತು, ದಾರಿಯಲ್ಲಿ ಮುರಿಯುವುದು ಕಡಿಮೆಯಾಯಿತು. ಕೊನೆಯ ಹಂತದ ಕೂಲಿ ಗಿರಾಕಿಯ ತಲೆಗೆ ಬಂತು ಎಂಬುದನ್ನು ಜಾಹೀರಾತುಗಳು ಅಷ್ಟು ಜೋರಾಗಿ ಹೇಳುವುದಿಲ್ಲ.

ಬಿಚ್ಚಿ ಕೂಡಿಸುವ ಪೀಠೋಪಕರಣ ನಮ್ಮ ಕಡೆಗೂ ಹೊಸದಲ್ಲ. ಹಳೆಯ ಮನೆಗಳ ಕಿರಿದಾದ ಬಾಗಿಲಲ್ಲಿ ದೊಡ್ಡ ಮಂಚ ಒಳಗೆ ಹೋಗುತ್ತಿದ್ದದ್ದೇ ಕಾಲು, ಪಟ್ಟಿ, ಹಲಗೆಗಳಾಗಿ. ಆದರೆ ಅಲ್ಲಿ ಒಂದು ಕಾಲಿನ ಕುಳಿಗೆಂದು ಕೆತ್ತಿದ ಪಟ್ಟಿ ಇನ್ನೊಂದು ಕಾಲಿಗೆ ಸರಿಯಾಗಿ ಕೂರುತ್ತಿರಲಿಲ್ಲ. ಯಾವುದು ಯಾವುದಕ್ಕೆ ಎಂದು ಆಚಾರಿ ಗುರುತು ಹಾಕಿಡಬೇಕಿತ್ತು. ಫ್ಲ್ಯಾಟ್‌ಪ್ಯಾಕಿನಲ್ಲಿ ಆ ಹೊಂದಾಣಿಕೆಯ ಕೆಲಸವೆಲ್ಲ ಕಾರ್ಖಾನೆಯ ಯಂತ್ರದಲ್ಲೇ ಮುಗಿದಿರುತ್ತದೆ. ಒಂದೇ ಮಾದರಿಯ ಸಾವಿರ ಪೆಟ್ಟಿಗೆ ತೆರೆದರೂ ಎಡಗಡೆಯ ಹಲಗೆಗಳೆಲ್ಲ ಅದಲುಬದಲಾಗಬಲ್ಲವು. ಇದಕ್ಕೆ ಜರ್ಮನಿಯಲ್ಲಿ ರೂಪುಗೊಂಡ 32 ಮಿಲಿಮೀಟರ್ ಪದ್ಧತಿ ದೊಡ್ಡ ಆಧಾರ. 5 ಮಿಲಿಮೀಟರ್ ಅಗಲದ ತೂತುಗಳು ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಸರಿಯಾಗಿ 32 ಮಿಲಿಮೀಟರ್ ದೂರದಲ್ಲಿ ಸಾಲಾಗಿರುತ್ತವೆ. ಕಪಾಟಿನ ತಟ್ಟೆಯ ಗೂಟ, ಡ್ರಾಯರಿನ ಹಳಿ, ಬಾಗಿಲಿನ ಹಿಂಜ್ ಎಲ್ಲವೂ ಈ ಸಾಲಿಗೇ ಹೊಂದುತ್ತವೆ.

ಹಲಗೆಗಳನ್ನು ಹಿಡಿದಿಡುವುದರಲ್ಲಿ ಮುಖ್ಯ ಪಾತ್ರ ಕ್ಯಾಮ್ ಲಾಕಿನದು. ಒಂದು ಹಲಗೆಗೆ ತಲೆ ದಪ್ಪಗಿರುವ, ಕತ್ತು ಸಣ್ಣಗಿರುವ ಬೋಲ್ಟನ್ನು ತಿರುಗಿಸಿ ನಿಲ್ಲಿಸುತ್ತಾರೆ. ಅದಕ್ಕೆ ಕೂಡಬೇಕಾದ ಹಲಗೆಯ ಮೈಮೇಲೆ ಸಾಮಾನ್ಯವಾಗಿ 15 ಮಿಲಿಮೀಟರ್ ಅಗಲದ ದುಂಡನೆಯ ಗುಂಡಿ ಇರುತ್ತದೆ. ಅದರೊಳಗೆ ಲೋಹದ ಬಿಲ್ಲೆ ಕೂರುತ್ತದೆ. ಬೋಲ್ಟಿನ ತಲೆ ಹಲಗೆಯ ಅಂಚಿನ ತೂತಿನಿಂದ ಒಳಹೊಕ್ಕು ಬಿಲ್ಲೆಯ ಬಾಯಿಗೆ ಬಂದಾಗ, ಸ್ಕ್ರೂಡ್ರೈವರಿನಿಂದ ಅರ್ಧ ಸುತ್ತು ತಿರುಗಿಸಿದರೆ ಬಿಲ್ಲೆಯ ಒಳಗಿನ ಬಾಗಿದ ಅಂಚು ಆ ತಲೆಯನ್ನು ಹಿಡಿದೆಳೆಯುತ್ತದೆ. ಎರಡು ಹಲಗೆಗಳ ನಡುವಿನ ಸಂದು ಮುಚ್ಚಿಹೋಗುತ್ತದೆ. ಪಕ್ಕದಲ್ಲಿರುವ ಮರದ ಗೂಟಗಳು ಹಲಗೆ ಆಚೀಚೆ ಸರಿಯದಂತೆ ನೋಡಿಕೊಳ್ಳುತ್ತವೆ. ಉಳಿ, ಕೊಡತಿ, ಉಜ್ಜುಗೊರಡು ಯಾವುದೂ ಇಲ್ಲದೆ ಗಟ್ಟಿ ಮೂಲೆ ಸಿದ್ಧವಾಗುತ್ತದೆ.

ಇಷ್ಟೆಲ್ಲ ಅನುಕೂಲವಿದ್ದರೂ ಜೋಡಣೆ ಕೈಕೊಡುತ್ತದೆ. ಕಾರಣ ಸಾಮಾನ್ಯವಾಗಿ ಬಲದ ಕೊರತೆಯಲ್ಲ, ಅವಸರ. ಕಪಾಟಿನ ಎಡ ಬಲ ಹಲಗೆಗಳು ನೋಡಲು ಅವಳಿಗಳಂತೆಯೇ ಇರುತ್ತವೆ, ತೂತುಗಳು ಮಾತ್ರ ಕನ್ನಡಿಯ ಬಿಂಬದಂತೆ ತಿರುಗಿರುತ್ತವೆ. ಮುಂದಿನ ಅಂಚಿಗೆ ಬಣ್ಣದ ಪಟ್ಟಿ ಅಂಟಿಸಿರುತ್ತಾರೆ, ಹಿಂದಿನ ಅಂಚು ಬೋಳು. ಇದನ್ನು ಗಮನಿಸದೆ ಹಾಕಿದ ಹಲಗೆಯ ತಪ್ಪು ಕಾಣಿಸುವುದು ಏಳೆಂಟು ಹಂತ ದಾಟಿ ಬಾಗಿಲು ಕೂರಿಸಲು ಹೋದಾಗ. ಆಗ ಬಂದ ದಾರಿಯನ್ನೇ ಹಿಂದಕ್ಕೆ ನಡೆಯಬೇಕು.

ಬಿಚ್ಚುವುದರಲ್ಲಿ ಇನ್ನೊಂದು ಅಪಾಯವಿದೆ. ಅಗ್ಗದ ಫ್ಲ್ಯಾಟ್‌ಪ್ಯಾಕ್ ಬಹುಪಾಲು ಪಾರ್ಟಿಕಲ್ ಬೋರ್ಡಿನದು, ಅಂದರೆ ಮರದ ಚೂರುಗಳನ್ನು ಅಂಟಿನಲ್ಲಿ ಕಲಸಿ ಬಿಸಿಯಲ್ಲಿ ಒತ್ತಿದ ಹಲಗೆಯದು. ತೇಗದಲ್ಲಿರುವಂಥ ಎಳೆ ಇದರಲ್ಲಿಲ್ಲ. ಸ್ಕ್ರೂವನ್ನು ಒಮ್ಮೆ ಬಿಚ್ಚಿ ಮತ್ತೆ ಹಾಕಿದರೆ ಹಿಡಿತ ಸಡಿಲವಾಗುತ್ತದೆ. ಬ್ಯಾಟರಿ ಡ್ರಿಲ್ಲಿನಿಂದ ಜೋರಾಗಿ ತಿರುಗಿಸಿದರೆ ಒಳಗಿನ ಚೂರುಗಳು ಪುಡಿಯಾಗಿ ಸ್ಕ್ರೂ ಸುಮ್ಮನೆ ಸುತ್ತತೊಡಗುತ್ತದೆ. ಹೆಚ್ಚಿನ ಕೈಪಿಡಿಗಳು ಕೈಯ ಉಪಕರಣವನ್ನೇ ಹೇಳುವುದು ಇದಕ್ಕೇ. ಸಡಿಲವಾದ ತೂತಿಗೆ ಬೆಂಕಿಕಡ್ಡಿ ತುಂಡನ್ನು ಮರದ ಅಂಟಿನಲ್ಲಿ ಅದ್ದಿ ತುರುಕಿ, ಒಣಗಿದ ಮೇಲೆ ಸ್ಕ್ರೂ ಹಾಕುವ ಮನೆಮದ್ದು ಸಣ್ಣ ಭಾರಕ್ಕೆ ಸಾಕಾಗುತ್ತದೆ.

ಹೊಸಬರು ಹೆಚ್ಚು ಅಲಕ್ಷ್ಯ ಮಾಡುವುದು ಹಿಂಭಾಗದ ತೆಳು ಹಲಗೆಯನ್ನು. ಗೋಡೆಗೆ ಆನಿಸುವ ಕಡೆ, ಯಾರಿಗೂ ಕಾಣುವುದಿಲ್ಲ ಎಂದು ನಾಲ್ಕು ಮೊಳೆ ಹೊಡೆದು ಮುಗಿಸುತ್ತಾರೆ. ವಾಸ್ತವದಲ್ಲಿ ಕಪಾಟು ಓರೆಯಾಗಿ ವಾಲದಂತೆ ಹಿಡಿಯುವುದು ಅದೇ ಹಲಗೆ. ಅದನ್ನು ಹೊಡೆಯುವ ಮುನ್ನ ಚೌಕಟ್ಟಿನ ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪ್ ಹಿಡಿದು ಅಳೆಯಬೇಕು. ಎರಡೂ ಕರ್ಣಗಳು ಸಮವಿದ್ದರೆ ಚೌಕಟ್ಟು ನೇರವಾಗಿದೆ ಎಂದರ್ಥ. ಸಮವಿಲ್ಲದಿದ್ದರೆ ಉದ್ದವಿರುವ ಕರ್ಣದ ಮೂಲೆಗಳನ್ನು ಒಳಕ್ಕೆ ಒತ್ತಿ ಸರಿಪಡಿಸಬೇಕು. ಐದು ನಿಮಿಷದ ಈ ಕೆಲಸ ಬಿಟ್ಟವರ ವಾರ್ಡ್‌ರೋಬಿನ ಬಾಗಿಲುಗಳು ಒಂದು ಮೇಲೆ ಒಂದು ಕೆಳಗೆ ನಿಲ್ಲುತ್ತವೆ, ತಪ್ಪು ಹಿಂಜಿನ ಮೇಲೆ ಬೀಳುತ್ತದೆ.

ಕೈಪಿಡಿಯಲ್ಲಿ ಮಾತೇ ಇಲ್ಲದಿರುವುದು ಹಲವು ದೇಶಗಳಲ್ಲಿ ಒಂದೇ ಪುಸ್ತಿಕೆ ನಡೆಯಲೆಂದು. ಚಿತ್ರ ಓದುವುದಕ್ಕೂ ಅಭ್ಯಾಸ ಬೇಕು. ಹಲಗೆಯಲ್ಲಿ ಎರಡು ತೂತು ಮೇಲಿವೆಯೋ ಕೆಳಗಿವೆಯೋ ಎಂಬಷ್ಟು ಸಣ್ಣ ವ್ಯತ್ಯಾಸವೇ ಅಲ್ಲಿ ಇಡೀ ಸೂಚನೆ. ಯಂತ್ರಗಳಿಗೂ ಈ ಕೆಲಸ ಸುಲಭವಲ್ಲ. ಸಿಂಗಪುರದ ನಾನ್ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಎರಡು ರೋಬೋ ಕೈಗಳಿಂದ ಐಕಿಯಾ ಕುರ್ಚಿಯೊಂದರ ಚೌಕಟ್ಟನ್ನು ಜೋಡಿಸಿದರು. ಒಟ್ಟು 20 ನಿಮಿಷ 19 ಸೆಕೆಂಡು ಹಿಡಿಯಿತು. ಅದರಲ್ಲಿ 11 ನಿಮಿಷಕ್ಕೂ ಹೆಚ್ಚು ಹೊತ್ತು ಹೋದದ್ದು ಕೈ ಹೇಗೆ ಚಲಿಸಬೇಕೆಂದು ಯೋಚಿಸುವುದಕ್ಕೆ. ಆ ಅನುಪಾತ ಮನುಷ್ಯರೂ ಅನುಸರಿಸತಕ್ಕದ್ದೇ. ಮೊದಲು ಕೈಪಿಡಿಯನ್ನು ಕೊನೆಯವರೆಗೆ ತಿರುವಿ, ಸ್ಕ್ರೂಗಳನ್ನು ಬಗೆಬಗೆಯಾಗಿ ಊಟದ ತಟ್ಟೆಯಲ್ಲಿ ಎಣಿಸಿಟ್ಟು, ಆಮೇಲೆ ಹಲಗೆಗೆ ಕೈ ಹಾಕಿದರೆ ಅರ್ಧ ಕೆಲಸ ಆದಂತೆ.

ಇಷ್ಟು ಬೆವರಿಳಿಸಿದ ಮೇಲೂ ಜನ ತಾವು ಜೋಡಿಸಿದ ಕಪಾಟನ್ನು ಬಂದವರಿಗೆಲ್ಲ ತೋರಿಸುತ್ತಾರೆ. ಇದನ್ನು ಪರೀಕ್ಷಿಸಿದ ಸಂಶೋಧಕರು ಮೈಕೆಲ್ ನಾರ್ಟನ್, ಡೇನಿಯಲ್ ಮೊಚೊನ್, ಡ್ಯಾನ್ ಏರಿಯಲಿ. 2012ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ, ಸಾಮಾನಿಡುವ ಪೆಟ್ಟಿಗೆಯನ್ನು ಸ್ವತಃ ಜೋಡಿಸಿದವರು ಅದಕ್ಕೆ ಕೊಡಲು ಒಪ್ಪಿದ ಬೆಲೆ, ಅದೇ ಪೆಟ್ಟಿಗೆಯನ್ನು ಸಿದ್ಧವಾಗಿ ಪಡೆದವರಿಗಿಂತ ಶೇಕಡಾ 63 ಹೆಚ್ಚು. ಅವರು ಇದನ್ನು ‘ಐಕಿಯಾ ಪರಿಣಾಮ’ ಎಂದು ಕರೆದರು. ಒಂದು ಷರತ್ತೂ ಕಂಡುಬಂತು. ಕೆಲಸವನ್ನು ಪೂರ್ತಿ ಮಾಡದವರಲ್ಲಿ ಈ ಮೋಹ ಕಾಣಲಿಲ್ಲ. ಅರ್ಧಕ್ಕೆ ನಿಂತ ವಾರ್ಡ್‌ರೋಬಿನ ಮುಂದೆ ಕೂತ ಯಾರಿಗಾದರೂ ಇದಕ್ಕೆ ಸಂಶೋಧನೆ ಬೇಕಿಲ್ಲ. ಈ ಮೋಹಕ್ಕಿಂತ ಗಟ್ಟಿಯಾದ ಲಾಭ ಇನ್ನೊಂದಿದೆ. ಕಪಾಟು ಮುಂದೆಂದಾದರೂ ಕಿರುಗುಟ್ಟಿದರೆ ಯಾವ ಬಿಲ್ಲೆ ಸಡಿಲಾಗಿದೆ ಎಂಬುದು ಜೋಡಿಸಿದವರಿಗೆ ಗೊತ್ತಿರುತ್ತದೆ.

ಐಕಿಯಾ ಭಾರತದ ತನ್ನ ಮೊದಲ ಮಳಿಗೆಯನ್ನು 2018ರಲ್ಲಿ ಹೈದರಾಬಾದಿನಲ್ಲಿ ತೆರೆಯಿತು. ಬೆಂಗಳೂರಿನ ನಾಗಸಂದ್ರದ ಮಳಿಗೆ ಶುರುವಾದದ್ದು 2022ರ ಜೂನ್‌ನಲ್ಲಿ. ಬಡಗಿಯನ್ನು ಮನೆಗೇ ಕರೆಸಿ ಕೆಲಸ ಮಾಡಿಸುವ ರೂಢಿಯ ದೇಶದಲ್ಲಿ ಸ್ವಂತ ಜೋಡಣೆ ಅಷ್ಟು ಸಲೀಸಾಗಿ ನಡೆಯದು ಎಂದರಿತು, ಕಂಪನಿ ಹೈದರಾಬಾದಿನಲ್ಲಿ ಜೋಡಿಸಿಕೊಡುವವರ ಸೇವೆಗೆ ಅರ್ಬನ್‌ಕ್ಲ್ಯಾಪ್ ಎಂಬ ಮನೆಸೇವೆಗಳ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಕೂಲಿ ದುಬಾರಿಯಾದ ಅಮೆರಿಕ, ಜರ್ಮನಿಗಳಿಗೆ ಓದಲು ಹೋದ ಕನ್ನಡದ ಹುಡುಗ ಹುಡುಗಿಯರಿಗೆ ಆ ಆಯ್ಕೆ ಕೈಗೆಟುಕುವುದು ಕಷ್ಟ. ಊರಲ್ಲಿ ಮೊಳೆ ಹೊಡೆಯದವರೂ ಅಲ್ಲಿ ಅಲೆನ್ ಕೀ ಹಿಡಿಯುತ್ತಾರೆ.

ನಮ್ಮ ಮನೆಗಳಲ್ಲಿ ಇಂಥ ಪೀಠೋಪಕರಣಕ್ಕೆ ನೀರೇ ಶತ್ರು. ನೆಲಕ್ಕೆ ಬಕೆಟ್ಟಿನಲ್ಲಿ ನೀರು ಸುರಿದು ತೊಳೆಯುವ ಪದ್ಧತಿಗೂ ಮಲೆನಾಡು, ಕರಾವಳಿಯ ಮಳೆಗಾಲಕ್ಕೂ ಪಾರ್ಟಿಕಲ್ ಬೋರ್ಡ್ ತಡೆಯುವುದಿಲ್ಲ. ಲ್ಯಾಮಿನೇಟ್ ಮುಚ್ಚದ ಅಂಚಿನಿಂದ ನೀರು ಹೀರಿ ಹಲಗೆ ಉಬ್ಬಿದರೆ ಮತ್ತೆ ಮೊದಲಿನ ಆಕಾರಕ್ಕೆ ಬರುವುದಿಲ್ಲ. ಕಾಲುಗಳಿರುವ, ನೆಲದಿಂದ ಮೂರು ನಾಲ್ಕು ಇಂಚು ಎತ್ತರದಲ್ಲಿ ನಿಲ್ಲುವ ಮಾದರಿಯೇ ಇಲ್ಲಿಗೆ ಒಳ್ಳೆಯದು.

ಎತ್ತರದ ಕಪಾಟು, ಡ್ರಾಯರುಗಳ ಪೆಟ್ಟಿಗೆಯಲ್ಲಿ ಒಂದು ಸಣ್ಣ ಲೋಹದ ಪಟ್ಟಿ ಹೆಚ್ಚಾಗಿ ಇರುತ್ತದೆ. ಕಪಾಟನ್ನು ಗೋಡೆಗೆ ಬಿಗಿಯಲು ಅದು. ಕೆಳಗಿನ ಡ್ರಾಯರುಗಳನ್ನು ಎಳೆದು ಮೆಟ್ಟಿಲಂತೆ ಹತ್ತುವ ಮಗುವಿನ ಮೇಲೆ ಇಡೀ ಕಪಾಟು ಮಗುಚಬಹುದು. ಹೀಗೆ ಮಕ್ಕಳು ಸತ್ತ ನಂತರ 2016ರಲ್ಲಿ ಅಮೆರಿಕದಲ್ಲಿ ಸುಮಾರು 2 ಕೋಟಿ 90 ಲಕ್ಷ ಡ್ರಾಯರ್ ಕಪಾಟುಗಳನ್ನು ಐಕಿಯಾ ಹಿಂಪಡೆಯಬೇಕಾಯಿತು. ಗೋಡೆಗೆ ಡ್ರಿಲ್ ಮಾಡಲು ಮನೆಯ ಮಾಲೀಕರು ಒಪ್ಪುವುದಿಲ್ಲ ಎಂಬ ಸಬೂಬು ಬಾಡಿಗೆ ಮನೆಗಳಲ್ಲಿ ಕೇಳಿಬರುತ್ತದೆ. ಎರಡು ತೂತು ಮುಚ್ಚಲು ಒಂದು ಹಿಡಿ ಪುಟ್ಟಿ ಸಾಕು. ಮಕ್ಕಳಿರುವ ಮನೆಯವರು ಆ ಪಟ್ಟಿಯನ್ನು ಥರ್ಮಕೋಲಿನ ಜೊತೆ ಕಸಕ್ಕೆ ಹಾಕಬೇಡಿ, ಗೋಡೆಗೆ ಬಿಗಿದ ಮೇಲೆಯೇ ಕಪಾಟಿಗೆ ಬಟ್ಟೆ ತುಂಬಿ.